ಮೊದಲು ಹೇಳಲಿ, ಆಮೇಲೆ ಬರೆಯಲಿ

ಆರು ವರ್ಷದ ಮಗು ದಸರೆಯಲ್ಲಿ ಕಂಡ ಆನೆಯ ಬಗ್ಗೆ ಬಿಡದೆ ಮಾತಾಡುತ್ತದೆ. ಮಾವುತ ಹೇಗೆ ಹತ್ತಿದ, ಆನೆ ಲದ್ದಿ ಹಾಕಿದಾಗ ಜನ ಹೇಗೆ ಹಿಂದೆ ಸರಿದರು, ಅಷ್ಟು ದೊಡ್ಡ ತಲೆಗೆ ಅದೆಷ್ಟು ಚಿಕ್ಕ ಕಣ್ಣು, ಒಂದನ್ನೂ ಬಿಡುವುದಿಲ್ಲ. ಅದೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ‘ಆನೆಯ ಬಗ್ಗೆ ಐದು ವಾಕ್ಯ ಬರೆ’ ಎನ್ನಿ. ‘ಆನೆ ದೊಡ್ಡದು. ಆನೆಗೆ ಸೊಂಡಿಲು ಇದೆ. ಆನೆ ಕಬ್ಬು ತಿನ್ನುತ್ತದೆ.’ ಅಲ್ಲಿಗೆ ಮುಗಿಯಿತು. ಮಾವುತನೂ ಇಲ್ಲ, ಚಿಕ್ಕ ಕಣ್ಣೂ ಇಲ್ಲ.

ಮಗುವಿಗೆ ಸೋಮಾರಿತನ ಎಂದುಕೊಳ್ಳಬೇಡಿ. ಬರೆಯುವುದೆಂದರೆ ಎರಡು ಕೆಲಸ. ಏನು ಹೇಳಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುವುದು ಒಂದು. ಕಟ್ಟಿದ ವಾಕ್ಯ ಮರೆತುಹೋಗುವ ಮೊದಲು ಅಕ್ಷರಕ್ಕೆ ಇಳಿಸುವುದು ಇನ್ನೊಂದು. ಕನ್ನಡದ ಕಾಗುಣಿತ, ದೀರ್ಘ, ಒತ್ತಕ್ಷರಗಳ ನಡುವೆ ಈ ಎರಡನೆಯ ಕೆಲಸವೇ ಚಿಕ್ಕ ಕೈಗೆ ಸಾಕುಸಾಕಾಗುತ್ತದೆ. ‘ಸೊಂಡಿಲು’ ಬರೆಯುವಾಗ ಮೊದಲಕ್ಷರಕ್ಕೆ ದೀರ್ಘ ಬೇಕೋ ಬೇಡವೋ, ಸೊನ್ನೆ ಎಲ್ಲಿ ಎಂದು ಯೋಚಿಸುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಹಾರಿಹೋಗಿರುತ್ತದೆ. ಆದ್ದರಿಂದ ಮಗು ತನಗೆ ಬರೆಯಲು ಬರುವಷ್ಟನ್ನೇ ಯೋಚಿಸಲು ಶುರುಮಾಡುತ್ತದೆ. ನನ್ನ ಚಿಂತೆ ಇರುವುದು ಇದೇ ಅಭ್ಯಾಸದ ಬಗ್ಗೆ.

ಎರಡು ಕೆಲಸಗಳನ್ನು ಬೇರೆಬೇರೆ ಮಾಡಿ ಕಲಿಸುವ ಒಂದು ಹಳೆಯ ಕ್ರಮವಿದೆ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಅದನ್ನು ತಮ್ಮ ಪಾಠಕ್ರಮದ ಮುಖ್ಯ ಭಾಗವಾಗಿಸಿದರು. 1886ರಲ್ಲಿ ಬಂದ ಅವರ ‘ಹೋಮ್ ಎಜುಕೇಶನ್’ ಪುಸ್ತಕವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಂದೆತಾಯಂದಿರು ಹಲವು ದೇಶಗಳಲ್ಲಿ ಇಂದಿಗೂ ಓದುತ್ತಾರೆ. ಅವರ ಕ್ರಮ ಸರಳ. ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಒಂದೇ ಸಲ ಓದಬೇಕು. ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಆರು ವರ್ಷ ತುಂಬುವ ಮೊದಲು ಹೇಳು ಎಂದು ಒತ್ತಾಯಿಸಬಾರದು. ಮುಂದಿನ ಕೆಲವು ವರ್ಷ ಬಾಯಲ್ಲೇ ಹೇಳಿ, ಸುಮಾರು ಹತ್ತರ ಹೊತ್ತಿಗೆ ಬರೆಯಲು ತೊಡಗಿದರೆ ಸಾಕು.

ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಕಥೆಯನ್ನೂ ಕೂತು ಕೇಳಲು ಯಾವ ಮೇಷ್ಟರಿಗೆ ತಾನೆ ಬಿಡುವಿರುತ್ತದೆ? ಕನ್ನಡದಲ್ಲಿ ಇದನ್ನು ನಡೆಸುವ ಬಗೆ ಹೀಗೆ.

ಓದಿ ಹೇಳುವುದು

ಮೊದಲ ದಿನಗಳಿಗೆ ಎರಡು-ಮೂರು ನಿಮಿಷದಲ್ಲಿ ಓದಿ ಮುಗಿಯುವಷ್ಟು ಚಿಕ್ಕ ಕಥೆ ಸಾಕು. ಪಂಚತಂತ್ರದ ಒಂದು ಕಥೆಯಾಗಬಹುದು, ತೆನಾಲಿ ರಾಮಕೃಷ್ಣನ ಒಂದು ಪ್ರಸಂಗವಾಗಬಹುದು. ಪಂಜೆ ಮಂಗೇಶರಾಯರ ‘ಅರ್ಗಣೆ ಮುದ್ದೆ’, ‘ಇಲಿಗಳ ಥಕಥೈ’ ಮಕ್ಕಳ ಕಿವಿಗೆಂದೇ ಬರೆದಂತಿವೆ. ಇವನ್ನು ತುಂಡು ಮಾಡಿ ದಿನಕ್ಕಿಷ್ಟು ಓದಿ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಕಥೆಪುಸ್ತಕಗಳು ಓದಿನ ಹಂತಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ.

ಪುಸ್ತಕದ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ‘ಮಕ್ಕಳಿಗಾಗಿ ಸರಳ’ ಎಂದು ಕಥೆಯ ರಕ್ತಮಾಂಸವೆಲ್ಲ ತೆಗೆದು ನಾಲ್ಕು ಸಾಲಿಗೆ ಇಳಿಸಿದ ಪುಸ್ತಕಗಳು ಅಂಗಡಿಯಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ತಿರುಗಿ ಹೇಳಲು ಏನೂ ಇರುವುದಿಲ್ಲ. ಮಗು ನಾಳೆ ಬಳಸುವ ಮಾತು ಇಂದು ಕೇಳಿದ ಮಾತಿನಿಂದಲೇ ಬರಬೇಕಾದ್ದರಿಂದ ಭಾಷೆ ಗಟ್ಟಿಯಾಗಿರುವ ಕಥೆಯನ್ನೇ ಆರಿಸಿ. ಒಂದೆರಡು ಪದ ಅರ್ಥವಾಗದಿದ್ದರೆ ಓದುವ ಮೊದಲೇ ತಿಳಿಸಿಬಿಡಿ. ಓದುವ ನಡುವೆ ನಿಲ್ಲಿಸಿ ವಿವರಿಸಿದರೆ ಕಥೆಯ ಓಟ ಕೆಡುತ್ತದೆ.

‘ಓದಿ ಆದ ಮೇಲೆ ನೀನು ನನಗೆ ಹೇಳಬೇಕು’ ಎಂದು ಮೊದಲೇ ಸೂಚಿಸಿ. ಒಂದೇ ಸಲ ಓದಿ. ಎರಡನೇ ಸಲ ಓದುತ್ತೀರಿ ಎಂದು ಗೊತ್ತಾದರೆ ಮೊದಲ ಸಲ ಕಿವಿಗೊಡುವ ಅಗತ್ಯ ಮಗುವಿಗೆ ಕಾಣುವುದಿಲ್ಲ.

ಕೇಳುವುದು

ತಂದೆತಾಯಿಗೆ ಎಲ್ಲಕ್ಕಿಂತ ಕಷ್ಟದ ಭಾಗ ಇದು. ‘ಈಗ ಹೇಳು’ ಎಂದು ಸುಮ್ಮನಾಗಬೇಕು. ಕೋತಿ ಮತ್ತು ಮೊಸಳೆಯ ಕಥೆ ಕೇಳಿದ ಆರೂವರೆ-ಏಳು ವರ್ಷದ ಮಗುವಿನ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ:

‘ಒಂದು ಕೋತಿ ಇತ್ತು. ನೇರಳೆ ಮರದ ಮೇಲೆ. ಮೊಸಳೆಗೆ ದಿನಾ ಹಣ್ಣು ಕೊಡ್ತಿತ್ತು. ಮೊಸಳೆ ಹೆಂಡ್ತಿ ಹೇಳಿದ್ಲು, ದಿನಾ ಇಷ್ಟು ಸಿಹಿ ಹಣ್ಣು ತಿಂತಾನಲ್ಲ, ಅವನ ಹೃದಯ ಎಷ್ಟು ಸಿಹಿ ಇರ್ಬೋದು ಅಂತ. ಆಮೇಲೆ ಮೊಸಳೆ ಕೋತೀನ ಬೆನ್ನ ಮೇಲೆ ಕೂರಿಸ್ಕೊಂಡು ಹೋಯ್ತು. ನಡುನೀರಿನಲ್ಲಿ ನಿಜ ಹೇಳ್ಬಿಡ್ತು. ಆಗ ಕೋತಿ ಅಂತು, ಅಯ್ಯೋ, ಹೃದಯ ಮರದಲ್ಲೇ ಬಿಟ್ಟು ಬಂದೆ ಅಂತ. ವಾಪಸ್ ಬಂದು ಮರ ಹತ್ತಿಬಿಡ್ತು.’

ಇದರಲ್ಲಿ ಎಷ್ಟು ಕೆಲಸ ನಡೆದಿದೆ ನೋಡಿ. ಹೆಂಡತಿಯ ಆಸೆಗೆ ಕಾರಣ ಸಿಹಿ ಹಣ್ಣು ಎಂಬ ಕೊಂಡಿ ತಪ್ಪಿಲ್ಲ. ಘಟನೆಗಳ ಸರಣಿ ಸರಿಯಾಗಿದೆ. ಯಾವುದನ್ನು ಬಿಡಬೇಕು ಎಂಬ ಆಯ್ಕೆಯೂ ಆಗಿದೆ. ‘ನಡುನೀರಿನಲ್ಲಿ’ ಎಂಬುದು ಮಗುವಿನ ದಿನಬಳಕೆಯ ಮಾತಲ್ಲ, ಪುಸ್ತಕದಿಂದ ಬಂದು ನಾಲಿಗೆಗೆ ಹತ್ತಿದ್ದು. ಪ್ರಬಂಧ ಬರೆಯುವವರಿಗೆ ಬೇಕಾದ್ದೂ ಇವೇ: ಆಯ್ಕೆ, ಸರಣಿ, ಕಾರಣ, ಪದ.

ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ‘ಅವರಿಬ್ಬರೂ ಸ್ನೇಹಿತರಾಗಿದ್ದರು ಅನ್ನೋದು ಬಿಟ್ಟೆಯಲ್ಲ’ ಎಂದು ತಿದ್ದಿದರೆ ಮಗು ಕಥೆ ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ. ‘ಮೊಸಳೆ ಎಲ್ಲಿತ್ತು? ಯಾವ ಹಣ್ಣು?’ ಎಂದು ಪ್ರಶ್ನೆಗಳ ಸಾಲು ಹಿಡಿದರೆ ಒಂದೊಂದೇ ಪದದ ಉತ್ತರ ಬರುತ್ತದೆ, ವಾಕ್ಯ ಕಟ್ಟುವ ಕೆಲಸ ನೀವೇ ಮಾಡಿದಂತಾಗುತ್ತದೆ. ‘ಈ ಕಥೆಯ ನೀತಿ ಏನು?’ ಎಂದಂತೂ ಖಂಡಿತ ಕೇಳಬೇಡಿ. ಕಥೆ ಮುಗಿದೊಡನೆ ಪರೀಕ್ಷೆ ಇದೆ ಎಂದು ಗೊತ್ತಾದ ಮಗು ಕಥೆಯನ್ನು ಇಷ್ಟಪಟ್ಟು ಕೇಳುವುದಿಲ್ಲ.

ಮಗು ಬಾಯಿ ಬಿಡದಿದ್ದರೆ? ಸ್ವಲ್ಪ ಕಾಯಿರಿ. ಆಮೇಲೆ ‘ಶುರುವಿನಲ್ಲಿ ಏನಾಯ್ತು?’ ಎಂದಷ್ಟೇ ಕೇಳಿ. ಆಗಲೂ ಬರದಿದ್ದರೆ ಮರುದಿನ ಅರ್ಧದಷ್ಟೇ ಓದಿ. ಕೆಲವು ಮಕ್ಕಳಿಗೆ ಮಾತಿಗಿಂತ ಆಟ ಸುಲಭ. ಕರಾವಳಿಯಲ್ಲಿ ರಾತ್ರಿ ಯಕ್ಷಗಾನ ನೋಡಿದ ಮಕ್ಕಳು ಮರುದಿನ ಅಂಗಳದಲ್ಲಿ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ಅದೇ ಪ್ರಸಂಗ ಆಡುತ್ತಾರೆ. ಅದೂ ತಿರುಗಿ ಹೇಳುವುದೇ. ಗೊಂಬೆ ಹಿಡಿದು ಆಡಿಸಲಿ, ಚಿತ್ರ ಬಿಡಿಸಿ ಅದನ್ನು ತೋರಿಸುತ್ತ ಹೇಳಲಿ. ಇಬ್ಬರು ಮಕ್ಕಳಿದ್ದರೆ ಚಿಕ್ಕದು ಮೊದಲು ಹೇಳಲಿ, ಬಿಟ್ಟುಹೋದದ್ದನ್ನು ದೊಡ್ಡದು ಸೇರಿಸಲಿ. ಕಥೆ ಕೇಳಿರದ ಅಜ್ಜಿಗೆ ಫೋನಿನಲ್ಲಿ ಹೇಳಿಸುವುದು ಇನ್ನೂ ಒಳ್ಳೆಯದು. ನಿಮಗೆ ಕಥೆ ಗೊತ್ತಿದೆ ಎಂದು ಮಗುವಿಗೆ ತಿಳಿದಿರುತ್ತದೆ. ಅಜ್ಜಿಗೆ ಗೊತ್ತಿಲ್ಲದ್ದರಿಂದ ಅವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಲೇಬೇಕಾಗುತ್ತದೆ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಈ ದಾರಿಯಿಂದ ಎರಡು ಲಾಭ: ಕಥೆ ಹೇಳಿದಂತೆಯೂ ಆಯಿತು, ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡಿದಂತೆಯೂ ಆಯಿತು.

ಕಥೆಯೇ ಆಗಬೇಕೆಂದಿಲ್ಲ. ಚಪಾತಿ ಹಿಟ್ಟು ಕಲಸಿದ್ದು ಹೇಗೆ, ಗೀಜಗ ಗೂಡು ಕಟ್ಟುವುದನ್ನು ನೋಡಿದ್ದು, ಇವನ್ನೂ ಹೇಳಿಸಿ.

ನೀವು ಬರೆದುಕೊಳ್ಳುವುದು

ಕೆಲವು ವಾರ ಬರೀ ಹೇಳಿಸಿ. ಮಾತು ಸಲೀಸಾದ ಮೇಲೆ ವಾರಕ್ಕೆ ಎರಡು ಸಲ ಮಗು ಹೇಳಿದ್ದನ್ನು ಅದರ ಎದುರಿಗೇ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ವೇಗವಾಗಿ ಹೇಳುವ ಮಗುವಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಬರೆಯಿರಿ. ಬರೆದದ್ದನ್ನು ಬೆರಳಿಟ್ಟು ಓದಿ ತೋರಿಸಿ. ತಾನು ಆಡಿದ ಮಾತು ಕಾಗದದ ಮೇಲೆ ಹಾಗೇ ಉಳಿದಿದೆ ಎಂದು ಕಂಡಾಗ ಮಗುವಿಗೆ ಬರವಣಿಗೆ ಯಾತಕ್ಕೆ ಎಂಬುದು ತಿಳಿಯುತ್ತದೆ.

ಯಾವ ಕನ್ನಡದಲ್ಲಿ ಬರೆಯಬೇಕು ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಮಗು ‘ಹೋಯ್ತು’ ಅನ್ನುತ್ತದೆ, ಪುಸ್ತಕದಲ್ಲಿ ‘ಹೋಯಿತು’ ಎಂದಿರುತ್ತದೆ. ಮಂಗಳೂರಿನ ಮಗು ‘ಉಂಟು’ ಅನ್ನುತ್ತದೆ, ಧಾರವಾಡದ್ದು ‘ಐತಿ’ ಅನ್ನುತ್ತದೆ. ಮೊದಲ ವರ್ಷ ಮಗು ಹೇಳಿದಂತೆಯೇ ಬರೆಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಮಾತನ್ನು ತಪ್ಪು ಎಂದು ಗೀಟು ಹೊಡೆದರೆ ಮಗು ಮಾತನ್ನೇ ಕಡಿಮೆ ಮಾಡುತ್ತದೆ. ನೀವು ದಿನಾ ಓದಿ ಹೇಳುತ್ತಿದ್ದರೆ ಬರಹದ ಕನ್ನಡ ತಾನಾಗಿಯೇ ಕಿವಿಗೆ ಇಳಿಯುತ್ತದೆ. ಎಂಟರ ಹೊತ್ತಿಗೆ ‘ಪುಸ್ತಕದಲ್ಲಾದರೆ ಇದನ್ನು ಹೇಗೆ ಬರೆದಿರುತ್ತಾರೆ?’ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ತಾವೇ ಬದಲಿಸಿ ಹೇಳಬಲ್ಲರು. ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಲಿಪಿಯಲ್ಲಿ ಹಾಗೇ ಬರೆಯಿರಿ.

ಕೈಗೆ ಅಭ್ಯಾಸ

ಅಕ್ಷರ ಬರೆಯುವ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಹೇಳಿಸುವ ಪಾಠದಿಂದ ಬೇರೆ ಹೊತ್ತಿನಲ್ಲಿ. ನೀವು ಬರೆದುಕೊಂಡ ಕಥೆಯಿಂದ ಒಂದು ವಾಕ್ಯ ಆರಿಸಿ, ಮಗು ಅದನ್ನು ನೋಡಿ ಬರೆಯಲಿ. ಇನ್ನೊಂದು ದಿನ ಓದಿದ ಪುಸ್ತಕದಿಂದ ಒಂದು ಒಳ್ಳೆಯ ವಾಕ್ಯ. ಒಂದು ವಾಕ್ಯ ಅಂದವಾಗಿ, ತಪ್ಪಿಲ್ಲದೆ ಬಂದರೆ ಒಂದು ಪುಟ ಗೀಚಿದ್ದಕ್ಕಿಂತ ಮೇಲು.

ಏಳೆಂಟು ವರ್ಷಕ್ಕೆ ಉಕ್ತಲೇಖನ ಶುರುಮಾಡಿ. ಹೇಳಿ ಬರೆಸುವ ಮೊದಲು ವಾಕ್ಯವನ್ನು ಮಗುವಿಗೆ ತೋರಿಸಿ. ಕಷ್ಟದ ಒತ್ತಕ್ಷರ ಯಾವುದು ಎಂದು ಅದೇ ಹುಡುಕಲಿ, ಕಣ್ಣು ಮುಚ್ಚಿ ನೆನಪಿಸಿಕೊಳ್ಳಲಿ. ಆಮೇಲೆ ಪುಸ್ತಕ ಮುಚ್ಚಿ ಇಡೀ ವಾಕ್ಯವನ್ನು ಒಮ್ಮೆಗೇ ಹೇಳಿ, ಪದಪದವಾಗಿ ಬೇಡ. ಒಂದು ಪೂರ್ತಿ ವಾಕ್ಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಬರೆಯುವ ಶಕ್ತಿ ಬೆಳೆಯಬೇಕಾದ್ದು ಇಲ್ಲೇ. ಬರೆಯುವಾಗ ಪದ ತಪ್ಪಿದರೆ ಕೂಡಲೇ ಅಳಿಸಿ ಸರಿಯಾದದ್ದನ್ನು ತೋರಿಸಿ, ತಪ್ಪು ರೂಪ ಕಣ್ಣಿಗೆ ಕೂರಬಾರದು.

ಪೆನ್ಸಿಲ್ ಮಗುವಿನ ಕೈಗೆ

ಎಂಟು-ಒಂಬತ್ತರಲ್ಲಿ ಮಗು ಹೇಳುವ ಕಥೆಯ ಮೊದಲ ವಾಕ್ಯವನ್ನು ಅದೇ ಬರೆಯಲಿ, ಉಳಿದದ್ದು ನೀವು ಬರೆಯಿರಿ. ಕೆಲವು ವಾರದ ಮೇಲೆ ಎರಡು ವಾಕ್ಯ, ಆಮೇಲೆ ಅರ್ಧ. ಹೀಗೆ ಹತ್ತರ ಸುಮಾರಿಗೆ ವಾರಕ್ಕೊಂದು ಕಥೆಯನ್ನು ಪೂರ್ತಿ ತಾನೇ ಬರೆಯಬಲ್ಲದು. ಹೇಳುವಾಗ ಒಂದು ಪುಟವಾಗುತ್ತಿದ್ದದ್ದು ಬರೆಯುವಾಗ ಐದು ಸಾಲಿಗೆ ಇಳಿದರೆ ಗಾಬರಿ ಬೇಡ, ಕೆಲವು ತಿಂಗಳಲ್ಲಿ ಹಿಗ್ಗುತ್ತದೆ. ಉಳಿದ ದಿನ ಬಾಯಲ್ಲಿ ಹೇಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ: ಈ ವಾರ ಪೂರ್ಣವಿರಾಮ, ಮುಂದಿನ ವಾರ ದೀರ್ಘಗಳು. ಪುಟ ತುಂಬ ಕೆಂಪು ಶಾಯಿ ಬೇಡವೇ ಬೇಡ.

‘ಪಕ್ಕದ ಮನೆಯ ಹುಡುಗ ಎರಡನೇ ಕ್ಲಾಸಿನಲ್ಲೇ ಪ್ರಬಂಧ ಬರೀತಾನೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗೈಡ್ ನೋಡಿ ಬಾಯಿಪಾಠ ಮಾಡಿದ ಹತ್ತು ಸಾಲು ಅದಾಗಿರಲೂಬಹುದು. ಮನೆಯಲ್ಲೇ ಕಲಿತ ಮಕ್ಕಳು ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಹತ್ತನೇ ತರಗತಿಗೆ ಸೇರಲು ಕನಿಷ್ಠ ವಯಸ್ಸು 14. ಆರರಿಂದ ಅಲ್ಲಿಗೆ ಎಂಟು ವರ್ಷ ಕೈಯಲ್ಲಿವೆ. ಅವಸರಪಟ್ಟು ಆರನೇ ವಯಸ್ಸಿಗೇ ಪ್ರಬಂಧ ಬರೆಸಬೇಕಾದ ಕಾರಣ ಯಾವುದೂ ಇಲ್ಲ.

ಶುರುಮಾಡಲು ಪಠ್ಯಕ್ರಮವನ್ನಾಗಲಿ ವರ್ಕ್‌ಬುಕ್ಕನ್ನಾಗಲಿ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಒಂದು ಒಳ್ಳೆಯ ಕಥೆಪುಸ್ತಕ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಪುಟದ ಮೇಲೆ ತಾರೀಕು ಹಾಕಿಡಿ. ಇವತ್ತು ಸಂಜೆ ಒಂದು ಕಥೆ ಓದಿ, ‘ಈಗ ನೀನು ಹೇಳು’ ಎಂದು ಸುಮ್ಮನೆ ಕೂತು ಕೇಳಿ.