ಹದಿನಾರು ಸಾವಿರ ವೋಲ್ಟಿನ ಕೆಪಾಸಿಟರ್

ಬ್ಯಾಟರಿ ಇಲ್ಲ. ಒಂದು ಕೆಪಾಸಿಟರ್, ಅದಕ್ಕೆ ಜೋಡಿಸಿದ ಒಂದು ರೆಸಿಸ್ಟರ್, ಇಷ್ಟೇ ಸರ್ಕ್ಯೂಟು. 10 ಮೈಕ್ರೋಫ್ಯಾರಡ್, 2 ಕಿಲೋ ಓಮ್. 5 ವೋಲ್ಟಿಗೆ ಚಾರ್ಜ್ ಮಾಡಿ ಬಿಟ್ಟರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಖಾಲಿ. ಅದರ ಮೇಲೆ ನಾನು ಬರೆದ ಮೊದಲ ಪ್ರೋಗ್ರಾಂ ಹೇಳಿದ್ದೇ ಬೇರೆ: 5, ಮೈನಸ್ 7.5, 11.25, ಮೈನಸ್ 16.875... ಒಂದು ಸೆಕೆಂಡ್ ಮುಗಿಯುವ ಹೊತ್ತಿಗೆ 16 ಸಾವಿರ ವೋಲ್ಟ್ ದಾಟಿತ್ತು.

ಎಲ್ಲೋ ಮೈನಸ್ ಚಿಹ್ನೆ ಬಿಟ್ಟಿರಬೇಕೆಂದು ಇಡೀ ಸಂಜೆ ಹುಡುಕಿದೆ. ಒಂದೂ ಬಿಟ್ಟಿರಲಿಲ್ಲ.

ಬಳಸಿದ್ದು ಆಯ್ಲರ್ 1768ರಲ್ಲಿ ಪ್ರಕಟಿಸಿದ ವಿಧಾನ. ಈ ಕ್ಷಣದ ಇಳಿಜಾರು ನೋಡು, ಅದೇ ದಿಕ್ಕಿನಲ್ಲಿ ನೇರ ಒಂದು ಹೆಜ್ಜೆ ಇಡು. ಈ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಇಳಿಯುವ ದರ ಅದರ 50 ಪಟ್ಟು; ನನ್ನ ಹೆಜ್ಜೆ 0.05 ಸೆಕೆಂಡ್. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ವೋಲ್ಟೇಜ್ 1 − 2.5, ಅಂದರೆ ಮೈನಸ್ 1.5ರಿಂದ ಗುಣಿತವಾಗುತ್ತದೆ. ಸೊನ್ನೆಯನ್ನು ಹಾರಿ ಆಚೆ ಬೀಳುತ್ತದೆ, ಹಿಂದಿರುಗುವಾಗ ಇನ್ನೂ ದೂರ ಹಾರುತ್ತದೆ. 0.04 ಇಟ್ಟರೆ 5, ಮೈನಸ್ 5, 5 ಎಂದು ತೂಗಾಡುತ್ತಲೇ ಇರುತ್ತದೆ. 0.02 ಇಟ್ಟರೆ ಮೊದಲ ಹೆಜ್ಜೆಗೇ ಸೊನ್ನೆ! ನೋಡಲು ಚೆಂದ, ಆದರೆ ಅದೂ ಸುಳ್ಳೇ. ನಿಜಕ್ಕೆ ಆಗ ಇನ್ನೂ 1.84 ವೋಲ್ಟ್ ಉಳಿದಿರುತ್ತದೆ.

ರುಂಗೆ 1895ರಲ್ಲಿ ಹಾದಿ ಹಾಕಿ, ಕುಟ್ಟಾ 1901ರಲ್ಲಿ ಬೆಳೆಸಿದ ನಾಲ್ಕನೇ ದರ್ಜೆಯ ವಿಧಾನಕ್ಕೆ ಹಾರಿದೆ. 0.05ರಲ್ಲಿ ಉಬ್ಬಲಿಲ್ಲ, 0.06ರಲ್ಲಿ ಮತ್ತೆ ಉಬ್ಬಿತು.

ಹಾಗಾದರೆ ಹೆಜ್ಜೆ ಚಿಕ್ಕದು ಮಾಡಿದರಾಯಿತಲ್ಲ? ಇಷ್ಟು ಪುಟ್ಟ ಸರ್ಕ್ಯೂಟಿಗೆ ಆದೀತು. ಇದರ ಜೊತೆ 20 ಸೆಕೆಂಡಿನಲ್ಲಿ ನಿಧಾನವಾಗಿ ಇಳಿಯುವ ಇನ್ನೊಂದು ಭಾಗ ಸೇರಿದರೆ ಫಜೀತಿ. ವೇಗದ ಭಾಗ ಆಗಲೇ ಸತ್ತಿರುತ್ತದೆ, ಆದರೂ ಅದರ ಭಯಕ್ಕೆ ಕೊನೆಯವರೆಗೂ ಇರುವೆ ಹೆಜ್ಜೆಯನ್ನೇ ಇಡಬೇಕು. ಇಂಥವನ್ನು ‘ಸ್ಟಿಫ್’ ಸಮೀಕರಣ ಎನ್ನುತ್ತಾರೆ. 1952ರಲ್ಲಿ ಕರ್ಟಿಸ್ ಮತ್ತು ಹಿರ್ಷ್‌ಫೆಲ್ಡರ್ ಈ ತೊಂದರೆಗೆ ಹೆಸರಿಟ್ಟು ಮದ್ದನ್ನೂ ಕೊಟ್ಟರು: ಇಳಿಜಾರನ್ನು ಹೆಜ್ಜೆಯ ಆರಂಭದಲ್ಲಲ್ಲ, ತಲುಪುವ ಜಾಗದಲ್ಲಿ ಅಳೆಯುವುದು. ಆಗ 1 − 2.5ರಿಂದ ಗುಣಿಸುವ ಬದಲು 1 + 2.5, ಅಂದರೆ 3.5ರಿಂದ ಭಾಗಿಸಬೇಕು. ಸಮೀಕರಣ ರೇಖೀಯವಾದ್ದರಿಂದ ಒಂದು ಭಾಗಾಕಾರ ಸಾಕು. ಹಲವು ಸಮೀಕರಣಗಳಿದ್ದರೆ ಮ್ಯಾಟ್ರಿಕ್ಸ್ ಬಿಡಿಸಬೇಕು, ಅಷ್ಟೇ.

ಪ್ರೋಗ್ರಾಂನಲ್ಲಿ ಬದಲಾದದ್ದು ಒಂದೇ ಸಾಲು. ಅದೇ 0.05ರ ಹೆಜ್ಜೆಗೆ 5, 1.43, 0.41 ಎಂದು ಇಳಿಯಿತು. ಮೊದಲ ಹೆಜ್ಜೆಯಲ್ಲಿ ಬರಬೇಕಾದದ್ದು 0.41, ಅಲ್ಲಿಗೆ ಒರಟು ಲೆಕ್ಕವೇ. ಆದರೆ ಖಾಲಿಯಾಗುವ ಕೆಪಾಸಿಟರ್ ಖಾಲಿಯಾಯಿತು.

ನಿಮ್ಮ ಕೈಯಲ್ಲೂ ಇಂಥ ಲೆಕ್ಕವಿದ್ದರೆ, ಉತ್ತರ ಬಂದೊಡನೆ ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಎರಡು ಉತ್ತರಗಳೂ ಹತ್ತಿರ ಬರುವವರೆಗೆ ಆ ಗ್ರಾಫನ್ನು ಯಾರಿಗೂ ತೋರಿಸಬೇಡಿ.