ತೆಗೆದರೂ ಹೋಗದ ಕಾವಲುಗಾರ



ಬೇಸಿಗೆಯಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ಸರಿಯುವುದನ್ನು ನಿಡಗುಂದಿ ಕಡೆಯ ಮಕ್ಕಳಾದ ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಜಲಾಶಯ ಪೂರ್ಣ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದಲ್ಲಿರುತ್ತದೆ. ಆಗ ಕಣ್ಣು ಹಾಯುವಷ್ಟು ದೂರ ನೀರೇ ನೀರು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದಂತೆ ಮುಳುಗಡೆಯಾದ ಹಳೆಯ ಊರುಗಳ ಬುನಾದಿ ಕಲ್ಲುಗಳು, ಗೋಡೆಯ ತುಂಡುಗಳು ಮತ್ತೆ ಮೇಲೆ ಕಾಣುತ್ತವೆ. ಊರು ಬಿಡುವಾಗ ಜನರು ದನಕರುಗಳನ್ನು, ಪಾತ್ರೆ ಪಗಡೆಗಳನ್ನು, ಕೆಲವರು ಮನೆಯ ತೊಲೆ ಬಾಗಿಲುಗಳನ್ನೂ ಕಿತ್ತು ಪುನರ್ವಸತಿ ಕೇಂದ್ರಕ್ಕೆ ಒಯ್ದರು. ಬುನಾದಿಯನ್ನು ಒಯ್ಯಲು ಆಗುತ್ತದೆಯೇ? ಅದು ಅಲ್ಲಿಯೇ ಉಳಿಯಿತು.

ವಿಜ್ಞಾನದ ಪುಟದಲ್ಲಿ ಮುಳುಗಡೆಯ ಮಾತು ಏಕೆ ಎಂದು ಕೇಳುತ್ತೀರಾ? ಕಂಪ್ಯೂಟರಿನಿಂದ ತಂತ್ರಾಂಶವೊಂದನ್ನು ತೆಗೆದಾಗಲೂ ಹೀಗೆಯೇ ಬುನಾದಿ ಉಳಿಯುತ್ತದೆ. ಅದರಲ್ಲಿಯೂ ಆಂಟಿವೈರಸ್ ಎಂಬ ತಂತ್ರಾಂಶದ ಬುನಾದಿ ಬಹಳ ಆಳದ್ದು.

ಹೋದ ವರ್ಷ ನಾನು ಇದೇ ಭಾಗದ ಒಂದು ಶಾಲೆಗೆ ಭೇಟಿ ನೀಡಿದ್ದೆ. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿದ್ದ ಆಂಟಿವೈರಸ್‌ನ ಒಂದು ವರ್ಷದ ಅವಧಿ ಮುಗಿದಿತ್ತು. ಗುರುಗಳು ಅದನ್ನು ತೆಗೆದು ಬೇರೆ ಕಂಪನಿಯದನ್ನು ತಂದಿದ್ದರು. ಹೊಸದು ಒಳಗೆ ಕೂರಲು ಒಪ್ಪುತ್ತಿರಲಿಲ್ಲ. ‘ಈ ಕಂಪ್ಯೂಟರಿನಲ್ಲಿ ಬೇರೊಂದು ಆಂಟಿವೈರಸ್ ಇದೆ, ಮೊದಲು ಅದನ್ನು ತೆಗೆಯಿರಿ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, “ತಗದೀವ್ರೀ ಸರ, ಆದ್ರೂ ಐತಿ ಅಂತದ್ರೀ” ಎಂದಳು.

ಹೀಗೆ ಹನ್ನೆರಡು ದಿನ ಕಳೆದಿದ್ದವು. ಹಳೆಯ ಕಾವಲುಗಾರ ಹೋಗಿದ್ದ, ಹೊಸಬ ಬಂದಿರಲಿಲ್ಲ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ದಾರಿ ಎಂದು ರಿಪೇರಿ ಮಾಡುವವರು ಹೇಳಿ ಹೋಗಿದ್ದರಂತೆ. ಆದರೆ ಆ ಡಿಸ್ಕಿನಲ್ಲಿ ಏನಿತ್ತು ಗೊತ್ತೇ? ಆ ಹುಡುಗಿ ಮತ್ತು ಅವಳ ಗೆಳತಿಯರು ಐದನೆಯ ತರಗತಿಯಲ್ಲಿದ್ದಾಗ ಶುರು ಮಾಡಿದ ಮಳೆಯ ಲೆಕ್ಕವಿತ್ತು. ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಮಳೆಮಾಪಕದಲ್ಲಿ ಪ್ರತಿದಿನ ಬೆಳಿಗ್ಗೆ ಅಳೆದು, ಮಿಲಿಮೀಟರಿನಲ್ಲಿ ಬರೆದು, ಮೂರು ಮಳೆಗಾಲ ತುಂಬಿಸಿದ ಲೆಕ್ಕ. ಮೊದಲ ವರ್ಷದ ನೋಟ್‌ಬುಕ್ ಕಳೆದುಹೋಗಿತ್ತು. ಹಾಗಾಗಿ ಆ ವರ್ಷದ ಮಳೆ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು. ಬೇರೆಲ್ಲಿಯೂ ಪ್ರತಿ ಇರಲಿಲ್ಲ.

ಅಗಸಿಯ ವಾಲೀಕಾರ

ಮೊದಲು ಆಂಟಿವೈರಸ್ ಏನು ಮಾಡುತ್ತದೆ ಎಂದು ತಿಳಿಯೋಣ. ಕಂಪ್ಯೂಟರ್ ವೈರಸ್ ಎಂಬುದು ಜೀವಿಯಲ್ಲ. ಅದು ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಹರಡುವ ಒಂದು ಕೆಟ್ಟ ತಂತ್ರಾಂಶ. ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ ‘ಬ್ರೇನ್’. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಇದನ್ನು ಬರೆದರು. ಫ್ಲಾಪಿ ಎಂಬ ತೆಳು ಡಿಸ್ಕುಗಳ ಮೂಲಕ ಅದು ದೇಶ ದೇಶ ಸುತ್ತಿತು. ಇಂತಹವುಗಳನ್ನು ಹಿಡಿಯಲು ಆಂಟಿವೈರಸ್ ತಂತ್ರಾಂಶಗಳು ಬಂದವು. ನಮಗೆ ಹತ್ತಿರದ ಪುಣೆಯಲ್ಲಿಯೇ ಕ್ವಿಕ್ ಹೀಲ್ ಎಂಬ ಕಂಪನಿ ಇದೆ. ಅದನ್ನು ಕಟ್ಟಿದ ಕೈಲಾಶ್ ಕಾಟ್ಕರ್ ಅವರು ಕ್ಯಾಲ್ಕುಲೇಟರ್ ರಿಪೇರಿಯಿಂದ ಕೆಲಸ ಆರಂಭಿಸಿದವರು.

ಹಿಂದಿನ ಕಾಲದಲ್ಲಿ ಊರ ಅಗಸಿಯಲ್ಲಿ ವಾಲೀಕಾರ ಕುಳಿತಿರುತ್ತಿದ್ದ. ಊರೊಳಗೆ ಬರುವವರನ್ನೆಲ್ಲ ಅವನು ನೋಡಿಯೇ ಬಿಡುತ್ತಿದ್ದ. ಆಂಟಿವೈರಸ್ ಕೂಡ ಹಾಗೆಯೇ. ನೀವು ಒಂದು ಚಿತ್ರವನ್ನು ತೆರೆಯುತ್ತೀರಿ ಎನ್ನಿ. ಆ ಕಡತ ಡಿಸ್ಕಿನಿಂದ ಹೊರಟು ನಿಮ್ಮ ಪರದೆಗೆ ಬರುವ ದಾರಿಯ ನಡುವೆಯೇ ಆಂಟಿವೈರಸ್ ಕುಳಿತಿರುತ್ತದೆ. ಪರೀಕ್ಷಿಸಿದ ನಂತರವೇ ಮುಂದೆ ಬಿಡುತ್ತದೆ. ಇಂಟರ್‌ನೆಟ್‌ನಿಂದ ಬರುವುದನ್ನೂ ಹಲವು ಆಂಟಿವೈರಸ್‌ಗಳು ಹೀಗೆಯೇ ತಡೆದು ನೋಡುತ್ತವೆ. ದಾರಿಯಲ್ಲಿ ಕುಳಿತು ಸೋಸುವ ಈ ಭಾಗಗಳಿಗೆ ಫಿಲ್ಟರ್ ಡ್ರೈವರ್ ಎನ್ನುತ್ತಾರೆ. ಚಿತ್ರ ಬಿಡಿಸುವ ಪೇಂಟ್ ತಂತ್ರಾಂಶಕ್ಕಾಗಲಿ, ಆಟದ ತಂತ್ರಾಂಶಕ್ಕಾಗಲಿ ಇಷ್ಟು ಒಳಗೆ ಹೋಗುವ ಅಗತ್ಯವಿಲ್ಲ.

ಇನ್ನೊಂದು ವಿಶೇಷವಿದೆ. ಕಳ್ಳ ಮೊದಲು ಮಾಡುವ ಕೆಲಸ ಕಾವಲುಗಾರನನ್ನು ಕಟ್ಟಿಹಾಕುವುದು. ಎಷ್ಟೋ ವೈರಸ್‌ಗಳು ಒಳಗೆ ಬಂದೊಡನೆ ಆಂಟಿವೈರಸ್ಸನ್ನೇ ಅಳಿಸಲು ಯತ್ನಿಸುತ್ತವೆ. ಆದ್ದರಿಂದ ಆಂಟಿವೈರಸ್ ತನ್ನ ಕಡತಗಳನ್ನು ಯಾರೂ ಮುಟ್ಟದಂತೆ ತಾನೇ ಕಾಯ್ದುಕೊಳ್ಳುತ್ತದೆ. ನೀವು ಅಳಿಸಲು ಹೋದರೂ ‘ಅನುಮತಿ ಇಲ್ಲ’ ಎನ್ನುತ್ತದೆ. ಅಳಿಸುತ್ತಿರುವವರು ಮನೆಯ ಯಜಮಾನರೋ ಕಳ್ಳರೋ ಅದಕ್ಕೆ ಹೇಗೆ ತಿಳಿಯಬೇಕು?

ಏನೇನು ಉಳಿಯುತ್ತದೆ?

ವಿಂಡೋಸ್‌ನಲ್ಲಿ ಅನ್‌ಇನ್‌ಸ್ಟಾಲ್ ಎಂಬ ಗುಂಡಿಯನ್ನು ಒತ್ತಿದಾಗ ತಂತ್ರಾಂಶದ ಮುಖ್ಯ ಫೋಲ್ಡರ್ ಅಳಿಯುತ್ತದೆ. ಆದರೆ ಆ ಕ್ಷಣದಲ್ಲಿ ಕೆಲಸ ಮಾಡುತ್ತಿರುವ ಕಡತಗಳನ್ನು ಅಳಿಸಲು ಬರುವುದಿಲ್ಲ. ಕುಳಿತಿರುವವರ ಕೆಳಗಿನ ಚಾಪೆಯನ್ನು ಸುತ್ತಲು ಬರುವುದಿಲ್ಲವಲ್ಲ, ಹಾಗೆ. ಅದಕ್ಕಾಗಿಯೇ ‘ರೀಸ್ಟಾರ್ಟ್ ಮಾಡಿ’ ಎಂದು ಕೇಳುತ್ತದೆ. ನಾವು ಅವಸರದಲ್ಲಿ ‘ಆಮೇಲೆ’ ಎಂದು ಒತ್ತುತ್ತೇವೆ. ಕೆಲವೊಮ್ಮೆ ಕರೆಂಟ್ ಹೋಗಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. (ನಮ್ಮ ಕಡೆ ಇದನ್ನು ವಿವರಿಸಬೇಕಾಗಿಲ್ಲ.) ಇನ್ನು ಕೆಲವು ಕಡತಗಳನ್ನು ಕಂಪನಿಯೇ ಬೇಕೆಂದು ಬಿಟ್ಟಿರುತ್ತದೆ. ಮುಂದೆ ಮತ್ತೆ ಅದನ್ನೇ ಹಾಕಿದರೆ ಹಳೆಯ ಆಯ್ಕೆಗಳು ಸಿಗಲಿ ಎಂಬುದು ಒಂದು ಕಾರಣ. ಉಚಿತವಾಗಿ ಕೊಟ್ಟ ತಿಂಗಳ ಅವಧಿಯನ್ನು ಮತ್ತೆ ಮತ್ತೆ ಬಳಸದಿರಲಿ ಎಂಬುದು ಇನ್ನೊಂದು. ಹಿಂದೆ ಹಿಡಿದು ಪ್ರತ್ಯೇಕವಾಗಿ ಕೂಡಿಹಾಕಿದ ವೈರಸ್ ಕಡತಗಳ ಕೋಣೆಯೂ ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಿಜಿಸ್ಟ್ರಿ. ಇದು ವಿಂಡೋಸ್‌ನ ಚಾವಡಿ ದಫ್ತರ ಎಂದು ತಿಳಿಯಿರಿ. ಯಾವ ತಂತ್ರಾಂಶ ಎಲ್ಲಿದೆ, ಕಂಪ್ಯೂಟರ್ ಶುರುವಾದಾಗ ಯಾವುದನ್ನು ಎಬ್ಬಿಸಬೇಕು, ಕಡತಗಳ ದಾರಿಯಲ್ಲಿ ಯಾವ ಫಿಲ್ಟರ್ ಕೂರಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಮನೆ ಖಾಲಿಯಾದರೂ ಉತಾರದಲ್ಲಿ ಹೆಸರು ಇದ್ದರೆ ಕಚೇರಿಯವರ ಲೆಕ್ಕದಲ್ಲಿ ಆ ಕುಟುಂಬ ಇನ್ನೂ ಅಲ್ಲಿಯೇ ಇದೆ. ಹೊಸ ಆಂಟಿವೈರಸ್ ಬಂದು ದಫ್ತರ ತೆರೆದು ನೋಡುತ್ತದೆ, ಹಳೆಯ ಹೆಸರು ಕಂಡು ಹಿಂದೆ ಸರಿಯುತ್ತದೆ. ಹಿಂದೆ ಸರಿಯಲು ಕಾರಣವೂ ಇದೆ. ಇಬ್ಬರು ವಾಲೀಕಾರರು ಒಂದೇ ಅಗಸಿಯಲ್ಲಿ ನಿಂತರೆ ಒಬ್ಬರನ್ನೊಬ್ಬರು ತಡೆದು ಪರೀಕ್ಷಿಸುತ್ತ ಕೂರುತ್ತಾರೆ. ಕಂಪ್ಯೂಟರ್ ಆಮೆಯ ಹಾಗೆ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ.

ಇದಕ್ಕಿಂತ ಅಪಾಯದ ಸಂಗತಿ ಕೇಳಿ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ವಿಂಡೋಸ್‌ನ ಒಳಗೇ ಡಿಫೆಂಡರ್ ಎಂಬ ಆಂಟಿವೈರಸ್ ಇದೆ. ಬೇರೆ ಆಂಟಿವೈರಸ್ ಬಂದರೆ ಅದು ತಾನಾಗಿ ಬದಿಗೆ ಸರಿಯುತ್ತದೆ. ಬೇರೆಯದು ಹೋದರೆ ಮತ್ತೆ ಎಚ್ಚರಗೊಳ್ಳಬೇಕು. ಆದರೆ ಹಳೆಯ ಹೆಸರು ದಾಖಲೆಯಲ್ಲಿ ಉಳಿದಿದ್ದರೆ ‘ಕಾವಲಿಗೆ ಬೇರೊಬ್ಬನಿದ್ದಾನೆ’ ಎಂದುಕೊಂಡು ಕೆಲವೊಮ್ಮೆ ಮಲಗಿಯೇ ಇರುತ್ತದೆ. ಆ ಶಾಲೆಯಲ್ಲಿ ಆಗಿದ್ದೂ ಇದೇ.

ನಾನು ಮಾಡಿದ ತಪ್ಪು

ಸುಮಾರು 2007ರಲ್ಲಿ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನಲ್ಲಿ ಇಂಥದೇ ತೊಂದರೆ ಬಂದಿತ್ತು. ನಾನು ಬುದ್ಧಿವಂತಿಕೆ ಮಾಡಿ ಆಂಟಿವೈರಸ್‌ನ ಫೋಲ್ಡರನ್ನು ಹುಡುಕಿ ಕೈಯಿಂದಲೇ ಅಳಿಸಿಬಿಟ್ಟೆ. ಮತ್ತೆ ಶುರು ಮಾಡಿದಾಗ ಎಲ್ಲ ಸರಿಯಿದೆ ಎನಿಸಿತು. ಆದರೆ ಇಂಟರ್‌ನೆಟ್ ಬರಲಿಲ್ಲ. ತಂತಿ ಬದಲಿಸಿದೆ, ಮೋಡೆಮ್ ಬದಲಿಸಿದೆ. ಎರಡು ದಿನ ಹೋಯಿತು.

ಏನಾಗಿತ್ತು? ಇಂಟರ್‌ನೆಟ್‌ನಿಂದ ಬರುವ ಮಾಹಿತಿ ಹಲವು ತಂತ್ರಾಂಶಗಳ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತ ಬರುತ್ತಿತ್ತು. ಬಾವಿಯಿಂದ ಬಿಂದಿಗೆ ದಾಟಿಸುವವರ ಸಾಲನ್ನು ನೆನೆಯಿರಿ. ಆಂಟಿವೈರಸ್ ಆ ಸಾಲಿನಲ್ಲಿ ನಡುವೆ ನಿಂತಿತ್ತು. ನಾನು ಅದನ್ನು ತೆಗೆದುಹಾಕಿದೆ, ಆದರೆ ‘ಇಲ್ಲಿ ಒಬ್ಬರು ನಿಂತಿದ್ದಾರೆ’ ಎಂಬ ದಾಖಲೆಯನ್ನು ಸರಿಪಡಿಸಲಿಲ್ಲ. ಹಿಂದಿನವರು ಬಿಂದಿಗೆ ಚಾಚಿದರು, ಹಿಡಿಯುವ ಕೈ ಇರಲಿಲ್ಲ. ಆ ಸಾಲನ್ನು ಹೊಸದಾಗಿ ಬರೆಸುವ ಆದೇಶ ಕೊಟ್ಟ ಮೇಲೆಯೇ ಇಂಟರ್‌ನೆಟ್ ಬಂದದ್ದು. ಹೆಸರು ಉಳಿದು ಮನುಷ್ಯ ಇಲ್ಲದಿರುವುದು ಒಂದು ತೊಂದರೆ, ಮನುಷ್ಯ ಉಳಿದು ಹೆಸರು ಇಲ್ಲದಿರುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ತೆಗೆಯಬೇಕು.

ಆ ದಿನ ನಾವು ಮಾಡಿದ್ದು

ಶಾಲೆಯಲ್ಲಿ ಮೊದಲು ಕಂಪ್ಯೂಟರನ್ನು ಮುಟ್ಟುವ ಮುನ್ನ ಮಳೆಯ ಲೆಕ್ಕವನ್ನು ಮತ್ತು ಶಾಲೆಯ ಉಳಿದ ಕಡತಗಳನ್ನು ಒಂದು ಖಾಲಿ ಪೆನ್‌ಡ್ರೈವಿಗೆ ನಕಲು ಮಾಡಿದೆವು. ಹನ್ನೆರಡು ದಿನ ಕಾವಲಿಲ್ಲದ ಕಂಪ್ಯೂಟರ್ ಆದ್ದರಿಂದ ಆ ಪೆನ್‌ಡ್ರೈವಿಗೆ ‘ಪರೀಕ್ಷಿಸಿಲ್ಲ’ ಎಂದು ಚೀಟಿ ಅಂಟಿಸಿದೆವು.

ಬಳಿಕ ವಿಂಡೋಸ್ ಸೆಕ್ಯುರಿಟಿ ಎಂಬ ಪುಟವನ್ನು ತೆರೆದು, ಅಲ್ಲಿ ಇನ್ನೂ ಉಳಿದಿದ್ದ ಹಳೆಯ ಆಂಟಿವೈರಸ್‌ನ ಹೆಸರನ್ನು ಸರಿಯಾಗಿ ಬರೆದುಕೊಂಡೆವು. ಹೆಸರು ಏಕೆ ಬೇಕು ಗೊತ್ತೇ? ದೊಡ್ಡ ಆಂಟಿವೈರಸ್ ಕಂಪನಿಗಳು ತಮ್ಮ ತಂತ್ರಾಂಶದ ಅವಶೇಷಗಳನ್ನು ಗುಡಿಸಲೆಂದೇ ಒಂದೊಂದು ಸಣ್ಣ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ. ನಾರ್ಟನ್, ಮ್ಯಾಕಫಿ, ಅವಾಸ್ಟ್, ಕ್ಯಾಸ್ಪರ್‌ಸ್ಕಿ, ಈಸೆಟ್ ಎಲ್ಲಕ್ಕೂ ಇಂತಹದಿದೆ. ಬುನಾದಿ ಹಾಕಿದ ಗೌಂಡಿಗೆ ಕಲ್ಲು ಎಲ್ಲೆಲ್ಲಿದೆ ಎಂದು ಗೊತ್ತಿರುತ್ತದೆ. ಒಬ್ಬರ ಗುಡಿಸುವ ತಂತ್ರಾಂಶ ಸಾಮಾನ್ಯವಾಗಿ ಇನ್ನೊಬ್ಬರ ಆಂಟಿವೈರಸ್‌ಗೆ ನಡೆಯುವುದಿಲ್ಲ. ಇದನ್ನು ಆ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಬೇರೆಡೆ ಅದೇ ಹೆಸರಿನಲ್ಲಿ ವೈರಸ್ಸನ್ನೇ ಕೊಡುವವರಿದ್ದಾರೆ. ‘ರಿಜಿಸ್ಟ್ರಿ ಸ್ವಚ್ಛ ಮಾಡುತ್ತೇವೆ’ ಎಂಬ ತಂತ್ರಾಂಶಗಳ ಸಹವಾಸ ಬೇಡ. ಅವುಗಳನ್ನು ಬಳಸುವುದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲವೂ ಇಲ್ಲ.

ಇಳಿಸಿಕೊಂಡ ನಂತರ ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಶುರು ಮಾಡಿದೆವು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ಅಲ್ಲಿಗೆ ದಾರಿ ಸಿಗುತ್ತದೆ. ಈ ಸ್ಥಿತಿಯಲ್ಲಿ ವಿಂಡೋಸ್ ತನಗೆ ತೀರ ಅಗತ್ಯವಾದ ಕೆಲವೇ ಡ್ರೈವರುಗಳನ್ನು ಎಬ್ಬಿಸುತ್ತದೆ. ಪರದೆಯ ಮೂಲೆಗಳಲ್ಲಿ ಸೇಫ್ ಮೋಡ್ ಎಂದು ಕಾಣುತ್ತದೆ, ಹಿನ್ನೆಲೆ ಕಪ್ಪಾಗುತ್ತದೆ. ಮಕ್ಕಳು “ಕೆಟ್ಟs ಹೋತ್ರೀ” ಎಂದು ಗಾಬರಿಯಾದರು. ಕೆಟ್ಟಿರಲಿಲ್ಲ. ಹಳೆಯ ಕಾವಲುಗಾರನ ಉಳಿದ ತುಣುಕುಗಳು ನಿದ್ರೆಯಲ್ಲಿದ್ದವು, ಅಷ್ಟೆ. ಎಚ್ಚರವಿಲ್ಲದಾಗ ಅವು ತಡೆಯುವುದಿಲ್ಲ. ಸಾಮಾನ್ಯ ಸೇಫ್ ಮೋಡ್‌ನಲ್ಲಿ ಇಂಟರ್‌ನೆಟ್ ಕೂಡ ಇರುವುದಿಲ್ಲ. ಬೇಕಾದದ್ದನ್ನು ಮೊದಲೇ ಇಳಿಸಿಕೊಂಡದ್ದು ಇದಕ್ಕಾಗಿಯೇ.

ಗುಡಿಸುವ ತಂತ್ರಾಂಶ ತನ್ನ ಕೆಲಸ ಮುಗಿಸಲು ಕೆಲವು ನಿಮಿಷ ತೆಗೆದುಕೊಂಡಿತು. ಈ ಸಲ ರೀಸ್ಟಾರ್ಟ್ ಕೇಳಿದಾಗ ಯಾರೂ ‘ಆಮೇಲೆ’ ಎನ್ನಲಿಲ್ಲ. ಮತ್ತೆ ವಿಂಡೋಸ್ ಸೆಕ್ಯುರಿಟಿ ತೆರೆದಾಗ ಹಳೆಯ ಹೆಸರು ಹೋಗಿ ಡಿಫೆಂಡರ್ ಎಚ್ಚರಗೊಂಡಿತ್ತು. ಗುರುಗಳು ತಂದಿದ್ದ ಹೊಸ ಆಂಟಿವೈರಸ್ ಕೂಡ ತಕರಾರಿಲ್ಲದೆ ಕುಳಿತಿತು. (ವಿಂಡೋಸ್‌ನ ನವೀಕರಣಗಳನ್ನು ತಪ್ಪದೆ ಹಾಕಿಕೊಳ್ಳುವ ಶಾಲೆಗೆ ಡಿಫೆಂಡರ್ ಒಂದೇ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಹಣ ಕೊಟ್ಟು ತಂದದ್ದನ್ನು ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ.)

ಇಡೀ ಡಿಸ್ಕನ್ನು ಪರೀಕ್ಷಿಸಿದಾಗ ಒಂದು ವೈರಸ್ ಸಿಕ್ಕಿತು. ಫೋಲ್ಡರುಗಳನ್ನು ಬಚ್ಚಿಟ್ಟು ಅವುಗಳ ಜಾಗದಲ್ಲಿ ಅದೇ ಹೆಸರಿನ ಸುಳ್ಳು ಶಾರ್ಟ್‌ಕಟ್ ಇಡುವ ಜಾತಿಯದು. ಯಾರದೋ ಪೆನ್‌ಡ್ರೈವಿನಿಂದ ಬಂದಿತ್ತು. ಚೀಟಿ ಅಂಟಿಸಿದ್ದ ನಮ್ಮ ಪೆನ್‌ಡ್ರೈವಿನಲ್ಲಿಯೂ ಅದು ಸೇರಿಕೊಂಡಿತ್ತು. ಎರಡನ್ನೂ ಶುದ್ಧ ಮಾಡಿ ಮಳೆಯ ಲೆಕ್ಕವನ್ನು ತೆರೆದು ನೋಡಿದೆವು. ಮೂರೂ ವರ್ಷದ್ದು ಸುರಕ್ಷಿತವಾಗಿತ್ತು. ಆ ಹುಡುಗಿ ಅಂದಿನಿಂದಲೇ ಮೊದಲ ವರ್ಷದ್ದನ್ನು ನೋಟ್‌ಬುಕ್ಕಿಗೆ ಬರೆಯತೊಡಗಿದಳು.

ಹೊರಡುವಾಗ ಅವಳು, “ಮೊಬೈಲ್‌ನ್ಯಾಗೂ ಹಿಂಗs ಉಳೀತದೇನ್ರೀ ಸರ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಪ್ರತಿ ಆ್ಯಪ್‌ಗೂ ಒಂದು ಪ್ರತ್ಯೇಕ ಕೋಣೆ ಇರುತ್ತದೆ. ಅದು ಬೇರೆಯವರ ಕೋಣೆಗೆ ಕಾಲಿಡುವಂತಿಲ್ಲ. ಆ್ಯಪನ್ನು ತೆಗೆದಾಗ ಇಡೀ ಕೋಣೆಯೇ ಅಳಿಯುತ್ತದೆ. ಎಲ್ಲರೂ ಬಳಸುವ ಪಡಸಾಲೆಯಲ್ಲಿ, ಎಂದರೆ ಫೋಟೊ, ಡೌನ್‌ಲೋಡ್ ಮುಂತಾದ ಫೋಲ್ಡರುಗಳಲ್ಲಿ ಅದು ಇಟ್ಟ ಕಡತಗಳು ಮಾತ್ರ ಉಳಿಯಬಹುದು.

ಮಾಡಿ ನೋಡಿ

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಸೆಕ್ಯುರಿಟಿ ಪುಟವನ್ನು ಗುರುಗಳ ಜೊತೆ ತೆರೆದು, ಕಾವಲಿಗೆ ಯಾರಿದ್ದಾರೆ ಎಂದು ಬರೆದುಕೊಳ್ಳಿರಿ. ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ಪರೀಕ್ಷಿಸಲು ಐಕಾರ್ ಎಂಬ ಪರೀಕ್ಷಾ ಕಡತವಿದೆ. ಅದರಲ್ಲಿ ಇರುವುದು ಕೇವಲ 68 ಅಕ್ಷರ, ಚಿಹ್ನೆಗಳ ಒಂದು ಸಾಲು. ಅದು ವೈರಸ್ ಅಲ್ಲ, ಏನೂ ಹಾನಿ ಮಾಡುವುದಿಲ್ಲ. ಆದರೂ ಎಲ್ಲ ಆಂಟಿವೈರಸ್‌ಗಳು ಅದನ್ನು ಹಿಡಿಯಬೇಕೆಂದು ಒಪ್ಪಂದವಿದೆ. ಐಕಾರ್ ಸಂಸ್ಥೆಯ ಜಾಲತಾಣದಿಂದ ಅದನ್ನು ಇಳಿಸಲು ಗುರುಗಳನ್ನು ಕೇಳಿರಿ. ಇಳಿಯುತ್ತಿದ್ದಂತೆಯೇ ಹಿಡಿದರೆ ಸರಿ. ಹಿಡಿಯದಿದ್ದರೆ ನಿಮ್ಮ ಕಂಪ್ಯೂಟರಿನ ಅಗಸಿಯಲ್ಲಿ ಹೆಸರು ಮಾತ್ರ ಕುಳಿತಿದೆಯೇ ಎಂದು ಅಂದೇ ಹುಡುಕಿ ನೋಡಿರಿ.