ಗುಜರಿ ಫ್ರಿಜ್ಜು, ಹಳೇ ಮಂಚ, ಬಣ್ಣದ ಬಾಗಿಲು: ತೋಟಕ್ಕೆ ಯಾವುದು ತರಬಹುದು, ಯಾವುದು ಬೇಡ

ನಮ್ಮ ಹುಣಸಮಾರನಹಳ್ಳಿ ಬಳ್ಳಾರಿ ರಸ್ತೆ ಮೇಲಿರೋ ಊರು. 2008ರಲ್ಲಿ ದೇವನಹಳ್ಳಿ ಹತ್ರ ಏರ್‌ಪೋರ್ಟ್ ಶುರುವಾದ ಮೇಲೆ ರಾಗಿ ಹೊಲ, ದ್ರಾಕ್ಷಿ ತೋಟ ಇದ್ದ ಕಡೆಗೆಲ್ಲ ಲೇಔಟು, ಅಪಾರ್ಟ್‌ಮೆಂಟು ಬಂದವು. ನಮಗೆ ಉಳಿದಿರೋದು 20 ಗುಂಟೆ, 2 ಹಸು. ಒಂದು ಅನುಕೂಲ ಮಾತ್ರ ಆಗಿದೆ. ಮನೆ ಖಾಲಿ ಮಾಡೋರು ಫ್ರಿಜ್ಜು, ಮಂಚ, ಬಾಗಿಲು, ಕಿಟಕಿ ಎಲ್ಲವನ್ನೂ ಗುಜರಿಗೆ ಹಾಕ್ತಾರೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೊಡ್ತಾರೆ. ಈ ವಾರ ಅದರಲ್ಲಿ ನಾನು ಏನೇನು ಮಾಡಿಕೊಂಡೆ ಅಂತ ಹೇಳ್ತೀನಿ. ಮೊದಲು ಮಾಡಬಾರದಿದ್ದನ್ನ ಹೇಳಿಬಿಡ್ತೀನಿ, ಯಾಕಂದ್ರೆ ಅದಕ್ಕೆ ಒಂದು ಕರು ಹೋಯ್ತು.

ಎರಡು ವರ್ಷದ ಹಿಂದೆ ಒಡೆದ ಹಳೇ ಮನೆಯೊಂದರ 4 ಬಾಗಿಲು ತಂದು ಕರುವಿಗೆ ಕಟಕಟೆ ಮಾಡಿದೆ. ಗಟ್ಟಿ ಮರ, ಮೇಲೆ ಹಸಿರು ಬಣ್ಣ, ಚಕ್ಕೆ ಚಕ್ಕೆಯಾಗಿ ಏಳ್ತಿತ್ತು. ಎರಡು ತಿಂಗಳ ಹೆಣ್ಗರು ದಿನಾ ಅದನ್ನ ನೆಕ್ಕೋದು ನೋಡ್ತಿದ್ದೆ, ಕರು ಅಂದ್ರೆ ನೆಕ್ಕುತ್ತೆ ಅಂತ ಸುಮ್ಮನಿದ್ದೆ. ಒಂದು ಬೆಳಗ್ಗೆ ಹಾಲು ಕುಡೀಲಿಲ್ಲ. ಹಲ್ಲು ಕಡೀತಾ, ಕಣ್ಣು ಕಾಣದವರ ಹಾಗೆ ಗೋಡೆಗೆ ಹೋಗಿ ಗುದ್ದಿತು. ಸಂಜೆಗೆ ಕಂಬಕ್ಕೆ ತಲೆ ಒತ್ತಿಕೊಂಡು ನಿಂತಿತ್ತು. ಬಂದ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಇದು ಏನು ನೆಕ್ಕುತ್ತೆ?" ಬಾಗಿಲು ತೋರಿಸಿದೆ. ಔಷಧಿ ಕೊಟ್ಟರು, ಆದ್ರೆ ಮೂರನೇ ದಿನ ಸತ್ತುಹೋಯ್ತು.

ಕಾರಣ ಸೀಸ. ಹಳೇ ಎಣ್ಣೆ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ, ಹಸಿರು, ಕೆಂಪಲ್ಲಿ, ಸೀಸ ಇರ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ 2016ರಲ್ಲಿ ಬಂತು, ಜಾರಿಯಾಗಿದ್ದು ನವೆಂಬರ್ 2017ರಿಂದ. ಅದಕ್ಕಿಂತ ಹಳೇ ಬಣ್ಣದ ಮರ ಅಂದ್ರೆ ಸೀಸ ಇದೆ ಅಂತಲೇ ತಿಳ್ಕೊಳ್ಳಿ. ಎಳೆಗರುವಿನ ಮೈ ದೊಡ್ಡ ದನಕ್ಕಿಂತ ಹೆಚ್ಚು ಸೀಸ ಹೀರಿಕೊಳ್ಳುತ್ತೆ. ತಾಯಿ ಹಸುವೂ ಅದೇ ಬಾಗಿಲು ನೆಕ್ಕಿತ್ತಾ ಅಂತ ಡಾಕ್ಟರ್ ಕೇಳಿದರು. ಸೀಸ ಹಾಲಿಗೂ ಇಳಿಯುತ್ತೆ. ರಕ್ತ ಪರೀಕ್ಷೆ ಆಗೋ ತನಕ ಆ ಹಾಲನ್ನ ಮನೆಗೂ ಬಳಸಲಿಲ್ಲ, ಡೇರಿಗೂ ಹಾಕಲಿಲ್ಲ.

ಇಂಥ ಮರವನ್ನ ಉಜ್ಜಬೇಡಿ, ಧೂಳು ನಿಮ್ಮ ಮೂಗಿಗೇ ಹೋಗುತ್ತೆ. ಒಲೆಗೂ ಹಾಕಬೇಡಿ. ಸೀಸ ಸುಟ್ಟು ಹೋಗಲ್ಲ, ಬೂದಿಯಲ್ಲಿ ಉಳಿಯುತ್ತೆ, ಆ ಬೂದಿಯನ್ನ ನಾವು ಸೊಪ್ಪಿನ ಮಡಿಗೆ ಎರಚ್ತೀವಿ. ಯುಪಿಎಸ್, ಟ್ರ್ಯಾಕ್ಟರ್ ಹಳೇ ಬ್ಯಾಟರಿಗಳನ್ನೂ ಕೊಟ್ಟಿಗೆ ಮೂಲೆಯಲ್ಲಿ ಇಡಬೇಡಿ, ದನ ಅದನ್ನೂ ನೆಕ್ಕುತ್ತೆ.

ಈಗ ಕಟಕಟೆ ಮಾಡಿರೋದು ಬಣ್ಣವಿಲ್ಲದ ಪ್ಯಾಲೆಟ್ ಮರದಲ್ಲಿ. ಏರ್‌ಪೋರ್ಟ್ ಕಡೆ ಗೋಡೌನುಗಳಿಂದ ಬರೋ ಈ ಮರದ ಹಲಗೆಗಳು ಗುಜರಿಯಲ್ಲಿ ಬೇಕಾದಷ್ಟು ಸಿಗ್ತಾವೆ. ಬೇರೆ ದೇಶಕ್ಕೆ ಹೋಗಿ ಬರೋ ಪ್ಯಾಲೆಟ್ ಮೇಲೆ ಗೋಧಿ ತೆನೆ ಚಿತ್ರದ ಒಂದು ಮುದ್ರೆ ಇರುತ್ತೆ. ಮಸುಕಾಗಿದ್ರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಇಂಗ್ಲಿಷಿನಲ್ಲಿ 'ಎಚ್‌ಟಿ' ಅಂತಿದ್ರೆ ಮರದ ತಿರುಳಿಗೆ 56 ಡಿಗ್ರಿ ಬಿಸಿ 30 ನಿಮಿಷ ಕೊಟ್ಟು ಹುಳ ಸಾಯಿಸಿದ್ದಾರೆ ಅಂತ ಅರ್ಥ, ತರಬಹುದು. 'ಎಂಬಿ' ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹೊಡೆದಿದ್ದಾರೆ, ಬಿಟ್ಟುಬಿಡಿ. ಮುದ್ರೆ ಹೇಗೇ ಇರಲಿ, ಎಣ್ಣೆ ಕಲೆ, ಔಷಧಿ ವಾಸನೆ ಇದ್ದದ್ದು ದನದ ಹತ್ರ ಬೇಡವೇ ಬೇಡ.

ಇನ್ನು ಫ್ರಿಜ್ಜು. ನನಗೆ ನಿಜವಾಗಿ ಲಾಭ ಆಗಿದ್ದು ಇದರಿಂದ. ಒಂಟಿ ಬಾಗಿಲಿನ ಫ್ರಿಜ್ಜು ಎರೆಹುಳು ತೊಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಇಲಿ, ಹೆಗ್ಗಣ ಕೊರೆಯೋಕಾಗಲ್ಲ, ಗೋಡೆಯೊಳಗಿನ ಫೋಮಿನಿಂದ ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು.

ಕಂಪ್ರೆಸರ್ ಪೈಪನ್ನ ನೀವೇ ಕತ್ತರಿಸಬೇಡಿ. ಹಿಂಭಾಗದ ಚೀಟಿ ನೋಡಿ: ಆರ್-600ಎ ಅಂತಿದ್ರೆ ಅದು ಬೆಂಕಿ ಹಿಡಿಯೋ ಗ್ಯಾಸು, ಆರ್-12 ಆದ್ರೆ ಓಝೋನ್ ಹಾಳು ಮಾಡೋದು. ಫ್ರಿಜ್ ಮೆಕ್ಯಾನಿಕ್ ಹತ್ರ ಗ್ಯಾಸ್ ತೆಗೆಸಿ, ಕಂಪ್ರೆಸರ್ ಬಿಚ್ಚಿಸಿ. ಅದಾಗೋ ತನಕ ಡ್ರಿಲ್ ಮುಟ್ಟಬೇಡಿ, ಕೆಲವು ಮಾಡೆಲ್‌ಗಳಲ್ಲಿ ಪೈಪು ಗೋಡೆಯೊಳಗೇ ಓಡುತ್ತೆ. ಬಾಗಿಲನ್ನ ಅವತ್ತೇ ಕಿತ್ತುಹಾಕಿ. ಆಟ ಆಡೋ ಮಗು ಒಳಗೆ ಹೋಗಿ ಬಾಗಿಲು ಹಾಕಿಕೊಂಡ್ರೆ ಉಸಿರು ಕಟ್ಟುತ್ತೆ. ಹುಳಕ್ಕೂ ಗಾಳಿ ಬೇಕಲ್ಲ.

ಫ್ರಿಜ್ಜನ್ನ ಬೆನ್ನ ಮೇಲೆ ಮಲಗಿಸಿ, ಒಂದು ತುದಿಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಇಳಿಜಾರು ಮಾಡಿ. ಕೆಳ ತುದಿಯಲ್ಲಿ ಅರ್ಧ ಇಂಚಿನ ತೂತು ಕೊರೆದು ಪ್ಲಾಸ್ಟಿಕ್ ಪೈಪ್ ತುಂಡು ತೂರಿಸಿ, ಅಂಟು ಹಾಕಿ. ಇಲ್ಲದಿದ್ರೆ ಫೋಮಿನೊಳಗೆ ನೀರಿಳಿದು ಇರುವೆ ಗೂಡು ಕಟ್ಟುತ್ತೆ (ನನ್ನ ಮೊದಲನೇದು ಹಾಗೇ ಹಾಳಾಯ್ತು). ತಳಕ್ಕೆ 3 ಇಂಚು ತೆಂಗಿನ ನಾರು, ಮೇಲೆ ಒಣ ಎಲೆ, ಅದರ ಮೇಲೆ 15–20 ದಿನ ಹಳೆಯದಾದ ಸಗಣಿ. ಹಸಿ ಸಗಣಿ ಬಿಸಿಯೇರಿ ಹುಳ ಸಾಯ್ತಾವೆ. ಒಂದು ಫ್ರಿಜ್ಜಿಗೆ ಅರ್ಧ ಕೆಜಿ ಹುಳ ಸಾಕು. ಮೇಲೆ ಒದ್ದೆ ಗೋಣಿಚೀಲ, ನೆರಳು. ಕಲಸಿದ್ದನ್ನ ಹಿಡಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆ ಬಂದ್ರೆ ನೀರು ಜಾಸ್ತಿಯಾಗಿದೆ. ಸುಮಾರು 2 ತಿಂಗಳಿಗೆ ಟೀ ಪುಡಿಯಂಥ ಗೊಬ್ಬರ ಆಗುತ್ತೆ. ಪೈಪಿಂದ ಬರೋ ಎರೆಜಲಕ್ಕೆ ಹತ್ತರಷ್ಟು ನೀರು ಸೇರಿಸಿ ದಂಟು, ಪಾಲಕ್‌ಗೆ ಹಾಕ್ತೀನಿ.

ಕಬ್ಬಿಣದ ಮಂಚದ ಕೆಲಸ ಸುಲಭ. ಮೇಲೆ ತಂತಿ ಜಾಲರಿ ಬಿಗಿದು 98 ಕುಳಿಯ ಪ್ರೋಟ್ರೇ ಜೋಡಿಸಿ. ನಾಲ್ಕು ಮೂಲೆಗೆ ಕೋಲು ಕಟ್ಟಿ 40 ಮೆಷ್ ನೈಲಾನ್ ಬಲೆ ಇಳಿಬಿಟ್ರೆ ಬಿಳಿನೊಣ ತಡೆಯುತ್ತೆ. ಟೊಮೆಟೊ ಸಸಿ 25 ದಿನಕ್ಕೆ ನಾಟಿಗೆ ರೆಡಿ, ಬಗ್ಗೋ ಕಷ್ಟವೂ ಇಲ್ಲ. ಅಜ್ಜಿಯ ಒಡೆದ ಒರಳುಕಲ್ಲು ಕೋಳಿ ನೀರಿಗೆ ಆಗಿದೆ, ಅದನ್ನ ಕೋಳಿ ಮಗುಚಿ ಹಾಕೋಕೆ ಆಗಲ್ಲ.

ಆ 4 ಬಾಗಿಲು ಇನ್ನೂ ಮನೆ ಹಿಂದೆ ಟಾರ್ಪಾಲಿನ್ ಸುತ್ತಿ ನಿಲ್ಲಿಸಿದ್ದೀನಿ. ಗುಜರಿಯವನು ವಾಪಸ್ ಕೇಳಿದ. ಇನ್ಯಾರೋ ಕೊಟ್ಟಿಗೆಗೆ ಕೊಂಡು ಹೋಗ್ತಾರೆ ಅಂತ ಕೊಟ್ಟಿಲ್ಲ.